ಶಿವಡಿಯ ಕೆಸರಿನಲ್ಲೊಂದು ಚಿಪ್ಪು

ಮುಂಬೈಗೆ ಬಂದು ಮೂವತ್ತು ವರ್ಷವಾದರೂ ಶಿವಡಿಯ ಧಕ್ಕೆ ನೋಡಿರಲಿಲ್ಲ. ಕಳೆದ ಚಳಿಗಾಲ ಮೊಮ್ಮಗಳೊಂದಿಗೆ ಹೋದೆ. ಇಳಿತದ ಹೊತ್ತು. ಕೆಸರಿನ ಮೇಲೆ ನೂರಾರು ಫ್ಲೆಮಿಂಗೋಗಳು ತಲೆ ಬಗ್ಗಿಸಿ ಮೇಯುತ್ತಿದ್ದವು. ಆಚೆಗೆ, 2024ರಲ್ಲಿ ತೆರೆದ ಅಟಲ್ ಸೇತು. ಈಚೆಗೆ ತುಕ್ಕು ಹಿಡಿದ ಹಡಗುಗಳು.

ಮಗು ಶಂಖದಂಥ ಪುಟ್ಟ ಚಿಪ್ಪೊಂದನ್ನು ಹೆಕ್ಕಿ ತಂದಳು. ಮಲ್ಪೆಯಲ್ಲಿ ನಾವೂ ಹೀಗೇ ಹೆಕ್ಕುತ್ತಿದ್ದೆವು. ಆದರೆ ನನಗೆ ಎಂದೋ ಓದಿದ್ದು ನೆನಪಾಯಿತು. ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದಿರಲೆಂದು ಟ್ರೈಬ್ಯುಟೈಲ್‌ಟಿನ್ ಎಂಬ ರಾಸಾಯನಿಕ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಲೀಟರ್ ನೀರಿನಲ್ಲಿ ಅದು ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನಷ್ಟಿದ್ದರೂ ಸಾಕು, ಕೆಲವು ಜಾತಿಯ ಹೆಣ್ಣು ಕಡಲ ಬಸವನಹುಳುಗಳಿಗೆ ಗಂಡಿನ ಅಂಗ ಮೂಡುತ್ತದೆ. ಹೆಚ್ಚಾದರೆ ಮೊಟ್ಟೆಯ ದಾರಿಯೇ ಮುಚ್ಚಿ ಸಂತತಿ ನಿಲ್ಲುತ್ತದೆ. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದು ಆ ಬಣ್ಣಕ್ಕೆ ನಿಷೇಧ ಬಿತ್ತು. ಆದರೆ ಬಂದರುಗಳ ಕೆಸರಿಗೆ ಸೇರಿದ್ದು ವರ್ಷಗಟ್ಟಲೆ ಉಳಿಯುತ್ತದೆ, ಹೂಳೆತ್ತಿದಾಗ ಮತ್ತೆ ನೀರಿಗೇಳುತ್ತದೆ.

"ಅಜ್ಜೀ, ಇದನ್ನು ಮನೆಗೆ ಒಯ್ಯಲಾ?"

"ಒಯ್ಯಿ ಮಗೂ. ಮೊದಲು ಕೈ ತೊಳೆದುಕೋ" ಎಂದೆ.

ಮಲ್ಪೆಯ ಮರಳಲ್ಲಿ ಆಡುವಾಗ ನಮ್ಮಮ್ಮ ಎಂದೂ ಹಾಗೆ ಹೇಳಿದ್ದಿಲ್ಲ.