ವಿನಯವೆಂಬ ವಿದ್ಯಾಧನ

ಮೈಕೇಲ್ ಫ್ಯಾರಡೆ ಜನಿಸಿದ್ದು 1791ರಲ್ಲಿ, ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ನಿನಲ್ಲಿ. ತಂದೆ ಕಮ್ಮಾರ, ಅನಾರೋಗ್ಯದಿಂದಾಗಿ ದುಡಿಮೆ ಆಗಾಗ ನಿಲ್ಲುತ್ತಿತ್ತು. ಶಾಲೆಯಲ್ಲಿ ಬಾಲಕನಿಗೆ ದೊರೆತದ್ದು ಓದು, ಬರಹ, ಲೆಕ್ಕ ಇಷ್ಟೇ. ಹದಿನಾಲ್ಕನೆಯ ವಯಸ್ಸಿನಲ್ಲಿ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ರಟ್ಟು ಕಟ್ಟುವ ಕೆಲಸ ಕಲಿಯಲು ಏಳು ವರ್ಷಗಳ ಕರಾರಿನ ಮೇಲೆ ಸೇರಿದನು.

ಆ ಅಂಗಡಿಯೇ ಆತನ ವಿದ್ಯಾಪೀಠವಾಯಿತು. ಕಟ್ಟಲು ಬಂದ ವಿಶ್ವಕೋಶದಲ್ಲಿ ವಿದ್ಯುತ್ತಿನ ವಿಚಾರವನ್ನು ಓದಿದನು. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಂವಾದರೂಪದಲ್ಲಿ ಬರೆದ ರಸಾಯನಶಾಸ್ತ್ರದ ಗ್ರಂಥವೂ ಕೈಗೆ ಬಂದಿತು. ಓದಿದುದನ್ನು ಆತ ಹಾಗೆಯೇ ನಂಬಲಿಲ್ಲ. ತನ್ನ ಅಲ್ಪ ಸಾಧನಗಳಿಂದ ಪ್ರಯೋಗ ಮಾಡಿ, ನಿಜವೆಂದು ಕಂಡ ಮೇಲೆಯೇ ಒಪ್ಪಿದನು.

1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟುಗಳಿಂದ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳಿದನು. ಅವುಗಳ ಟಿಪ್ಪಣಿಯನ್ನು ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾದನು. ಡೇವಿ ದಂಪತಿಗಳೊಡನೆ ಯೂರೋಪ್ ಪ್ರವಾಸ ಹೋದಾಗ ಪರಿಚಾರಕನ ಕೆಲಸವೂ ಹೆಗಲೇರಿತು; ಶ್ರೀಮತಿ ಡೇವಿಯ ತಾತ್ಸಾರವನ್ನೂ ಸಹಿಸಬೇಕಾಯಿತು. ಬಿಟ್ಟು ಮರಳಬೇಕೆನಿಸಿದರೂ ಕಲಿಕೆಗಾಗಿ ಉಳಿದನು.

1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದು ಲೋಕಮಾನ್ಯನಾದ ಫ್ಯಾರಡೆ ಮಾರ್ಸೆಟ್‌ಳನ್ನು ಮರೆಯಲಿಲ್ಲ. ತನ್ನ ಪ್ರಬಂಧಗಳನ್ನು ಆಕೆಗೆ ಕೃತಜ್ಞತೆಯ ಕಾಣಿಕೆಯಾಗಿ ಕಳುಹಿಸುತ್ತಿದ್ದನು. ಅಪಮಾನವನ್ನು ನುಂಗಿ ಉಪಕಾರವನ್ನು ನೆನೆಯುವುದು ಸುಲಭವಲ್ಲ. ನಾವು ಮಾಡುವುದು ಬಹುತೇಕ ಇದಕ್ಕೆ ವಿರುದ್ಧ. ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿ ಈ ವಿನಯಕ್ಕೆ ಸ್ಥಾನವೆಲ್ಲಿದೆ?