ಜಂಗು ಹಿಡಿದ ಬೋಲ್ಟು

2024ರ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮಾಮೂ ಫೋನ್ ಮಾಡಿ, ‘ಗುಬ್ಬಿ ಕಡೆ ಒಂದು ಕೆಲಸ ಇದೆ, ಜೊತೆಗೆ ಬರ್ತೀಯಾ?’ ಎಂದು ಕೇಳಿದರು. ಎಪ್ಪತ್ತು ದಾಟಿದ ಮನುಷ್ಯ. ತುಮಕೂರಿನ ಗುಬ್ಬಿ ಗೇಟ್ ಬಳಿ ಐವತ್ತು ವರ್ಷ ಲಾರಿ ರಿಪೇರಿ ಮಾಡಿ, ಮೊಣಕಾಲು ಕೈಕೊಟ್ಟ ಮೇಲೆ ಗ್ಯಾರೇಜನ್ನು ಶಿಷ್ಯರಿಗೆ ಬಿಟ್ಟವರು. ಯಾವ ಕೆಲಸ ಎಂದೆ. ‘ಗೌಡರ ಲಾರಿ’ ಎಂದರು. ನಾನು ಸುಮ್ಮನಾದೆ. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಆ ಗೌಡರ ಹೆಸರನ್ನು ಯಾರೂ ಎತ್ತಿರಲಿಲ್ಲ.

ಆ ಲಾರಿಯ ಕಥೆ ನನಗೆ ಗೊತ್ತಿತ್ತು. ಚಿಕ್ಕನಾಯಕನಹಳ್ಳಿಯ ಗಣಿಗಳಿಂದ ಕಬ್ಬಿಣದ ಅದಿರು ಹೊರುತ್ತಿದ್ದ ಟಾಟಾ ಲಾರಿ ಅದು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಆ ಆದೇಶ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಬಂತು. ಸಾಲ ಮಾಡಿ ಲಾರಿ ಕೊಂಡಿದ್ದವರು ಒಂದೇ ವಾರದಲ್ಲಿ ದಿಕ್ಕೆಟ್ಟರು. ಗೌಡರು ತಮ್ಮ ಲಾರಿಯನ್ನು ತೆಂಗಿನ ತೋಟದ ಮೂಲೆಯಲ್ಲಿ ನಿಲ್ಲಿಸಿದರು. ಇಂದಲ್ಲ ನಾಳೆ ಓಡೀತು ಎಂದುಕೊಂಡರು. ಅದು ಮತ್ತೆ ಓಡಲಿಲ್ಲ.

ಮಾಮೂ ಮತ್ತು ಗೌಡರದು ಮೂವತ್ತು ವರ್ಷದ ಒಡನಾಟ. ರಂಜಾನಿಗೆ ಇಲ್ಲಿಂದ ಶೀರ್‌ಕುರ್ಮಾ ಹೋಗುತ್ತಿತ್ತು, ಯುಗಾದಿಗೆ ಅಲ್ಲಿಂದ ಹೋಳಿಗೆ ಬರುತ್ತಿತ್ತು. ಗೌಡರ ಊರಿನ ಜಾತ್ರೆಯಲ್ಲಿ ಮಾಮೂನ ಮಗ ವರ್ಷವರ್ಷವೂ ಆಟಿಕೆ ಅಂಗಡಿ ಹಾಕುತ್ತಿದ್ದ. 2022ರ ಮಾರ್ಚ್, ಏಪ್ರಿಲ್‌ನಲ್ಲಿ ಕರ್ನಾಟಕದ ಹಲವು ಕಡೆ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗ ಕೊಡಬಾರದೆಂಬ ಕೂಗೆದ್ದದ್ದು ಓದುಗರಿಗೆ ನೆನಪಿರಬಹುದು. ಆ ಊರಿನಲ್ಲೂ ಹುಡುಗ ಕಟ್ಟಿದ ತಡಿಕೆಯನ್ನು ಬಿಚ್ಚಿ ಸಾಮಾನು ಹೊತ್ತುಕೊಂಡು ವಾಪಸು ಬಂದ. ಗೌಡರು ಜಾತ್ರಾ ಸಮಿತಿಯಲ್ಲಿದ್ದರು. ಅವರು ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಸುಮ್ಮನಿದ್ದರು. ಮಾಮೂ ಜಗಳವಾಡಲಿಲ್ಲ. ಅವರೂ ಸುಮ್ಮನಾದರು. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತೋ ಏನೋ.

ಈಗ ಗೌಡರೇ ಫೋನ್ ಮಾಡಿದ್ದರು. ಲಾರಿಯನ್ನು ಗುಜರಿಗೆ ಹಾಕುವುದು, ಆದರೆ ಹಿಂದಿನ ಆಕ್ಸಲ್, ಸ್ಪ್ರಿಂಗ್ ಪಟ್ಟೆ, ಅವನ್ನು ಚಾಸಿಗೆ ಹಿಡಿದಿರುವ ನಾಲ್ಕು ಬ್ರಾಕೆಟ್ಟುಗಳನ್ನು ಉಳಿಸಿಕೊಂಡು ಕಾಯಿ ಸಾಗಿಸಲು ಟ್ರ್ಯಾಕ್ಟರಿಗೆ ಟ್ರೇಲರ್ ಮಾಡಿಸುವುದು. ‘ಗ್ಯಾಸ್ ಕಟಿಂಗಿನವರು ಅರ್ಧ ದಿನದಲ್ಲಿ ತುಂಡು ಮಾಡಿ ಕೊಡ್ತಾರೆ ಮೇಸ್ತ್ರಿ. ಬಿಚ್ಚೋದು ನಿಮಗೆ ಮಾತ್ರ ಗೊತ್ತು’ ಎಂದರಂತೆ.

ನಾವು ಹೋದಾಗ ಲಾರಿಯ ಚಕ್ರಗಳು ಅರ್ಧ ಮಣ್ಣಿನಲ್ಲಿದ್ದವು. ತೊಟ್ಟಿಯ ಸಂದುಗಳಲ್ಲಿ ಇನ್ನೂ ಅದಿರಿನ ಕೆಂಪು ಪುಡಿ ಇತ್ತು. ಯಾವುದು ಅದಿರು, ಯಾವುದು ತುಕ್ಕು ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕಾದ್ದೂ ಇಲ್ಲ, ಎರಡೂ ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದದ್ದೇ. ನಾವು ಅದಿರನ್ನು ಕಾಯಿಸಿ ಕಬ್ಬಿಣ ಮಾಡುತ್ತೇವೆ, ಮಳೆಗಾಳಿ ಅದನ್ನು ಮತ್ತೆ ಮಣ್ಣಿಗೆ ಕರೆಯುತ್ತದೆ. ಈ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಬೋಲ್ಟಿನ ಮರೆಗೂ ನಟ್ಟಿನ ಮರೆಗೂ ನಡುವಿನ ಸಂದನ್ನು ತುಂಬಿ ಎರಡನ್ನೂ ಒಂದೇ ಗಡ್ಡೆ ಮಾಡಿಬಿಡುತ್ತದೆ.

ಉರ್ದುವಿನಲ್ಲಿ ತುಕ್ಕಿಗೆ ‘ಜ಼ಂಗ್’, ಯುದ್ಧಕ್ಕೆ ‘ಜಂಗ್’. ಬರೆಯುವಾಗ ಒಂದಕ್ಕೆ ಜ಼ೇ, ಇನ್ನೊಂದಕ್ಕೆ ಜೀಮ್. ನಮ್ಮ ಗ್ಯಾರೇಜಿನ ಹುಡುಗರ ಬಾಯಲ್ಲಿ ಎರಡೂ ಜಂಗ್. ಚಿಕ್ಕವನಿದ್ದಾಗ ‘ಬೋಲ್ಟಿಗೆ ಜಂಗ್ ಆಗಿದೆ’ ಎಂದರೆ ಅದರೊಳಗೆ ಯಾರೋ ಕಾದಾಡುತ್ತಿದ್ದಾರೆಂದು ನಾನು ತಿಳಿದಿದ್ದೆ.

ಮಾಮೂ ಮೊದಲು ಲಾರಿಯ ಸುತ್ತ ಒಂದು ಸುತ್ತು ಬಂದರು. ಯಾವುದನ್ನು ಕತ್ತರಿಸಬೇಕು, ಯಾವುದನ್ನು ಬಿಚ್ಚಬೇಕು ಎಂದು ತೀರ್ಮಾನಿಸುವುದೇ ಅರ್ಧ ಕೆಲಸ. ಆಕ್ಸಲ್ಲಿಗೆ ಪಟ್ಟೆಯನ್ನು ಬಿಗಿದಿರುವ ನಾಲ್ಕು ಯು-ಬೋಲ್ಟುಗಳನ್ನು ಉಳಿಸುವ ಹಂಗಿಲ್ಲ, ಹೊಸದು ಸಿಗುತ್ತದೆ. ಅವುಗಳ ಎಂಟು ನಟ್ಟುಗಳನ್ನು ಹುಡುಗ ಗ್ಯಾಸಿನಿಂದ ಕತ್ತರಿಸಿದ, ಬೆಂಕಿ ಪಟ್ಟೆಗೆ ತಾಗದಂತೆ. ಕೆಂಪಗೆ ಕಾದರೆ ಪಟ್ಟೆಯ ಹದ ಕೆಟ್ಟು ಸ್ಪ್ರಿಂಗ್ ಗುಣವೇ ಹೋಗುತ್ತದೆ. ಬ್ರಾಕೆಟ್ಟಿನ ವಿಷಯ ಹಾಗಲ್ಲ. ಅದು ಎರಕದ್ದು. ಬೋಲ್ಟು ಮುರಿದರೆ ತುಂಡು ತೂತಿನಲ್ಲೇ ಕಚ್ಚಿಕೊಳ್ಳುತ್ತದೆ. ಅದನ್ನು ಹೊಡೆದು ತೆಗೆಯುವಾಗ ಬ್ರಾಕೆಟ್ ಸೀಳುತ್ತದೆ. ಒಂದೊಂದಕ್ಕೆ ಆರರಂತೆ ಒಟ್ಟು 24 ಬೋಲ್ಟು. ಅದಿರಿನ ಭಾರಕ್ಕೆ ಹಳೆಯ ರಿವೆಟ್ಟುಗಳು ಸಡಿಲವಾದಾಗ ಅವನ್ನು ಹಾಕಿ ಬಿಗಿದವರು ಸ್ವತಃ ಮಾಮೂ. ‘ಆವತ್ತು ಲೋಡಿಗೆ ಅವಸರ. ಗ್ರೀಸ್ ಹಚ್ಚದೆ ಬಿಗಿದೆ. ಈಗ ಅನುಭವಿಸ್ತಾ ಇದ್ದೀನಿ’ ಎಂದರು.

ವೈರ್ ಬ್ರಷ್ಷಿನಿಂದ ಉಜ್ಜಿ, ಡೀಸೆಲ್ಲಿಗೆ ಹಳೆ ಆಯಿಲ್ ಬೆರೆಸಿ ಪ್ರತಿ ನಟ್ಟಿಗೂ ಹಚ್ಚಿದೆವು. ಸುತ್ತಿಗೆಯಿಂದ ನಟ್ಟಿನ ಮಗ್ಗುಲಿಗೆ ಸಣ್ಣ ಸಣ್ಣ ಏಟು, ಎಣ್ಣೆ ಒಳಗಿಳಿಯಲು. ಆಮೇಲೆ ಕಾಯುವುದು. ಆ ದಿನ ಅಷ್ಟೇ ಕೆಲಸ. ಮರುದಿನ ಮತ್ತೆ ಎಣ್ಣೆ. ಮೂರನೆಯ ದಿನ ಪಾನಾ ಹಿಡಿದರು. ನಾನು ಬಿಚ್ಚುವ ಕಡೆಗೆ ಎಳೆಯಹೊರಟಾಗ ಕೈ ತಡೆದರು. ‘ಮೊದಲು ಬಿಗಿ ಮಾಡೋ ಕಡೆ ಒಂದು ಕೂದಲೆಳೆಯಷ್ಟು ತಿರುಗಿಸು. ಜಂಗಿನ ಹಿಡಿತ ಅಲ್ಲಿ ಬಿಡುತ್ತೆ. ಆಮೇಲೆ ಬಿಚ್ಚು. ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ. ಪುಡಿ ಉದುರಬೇಕು, ಎಣ್ಣೆ ಹೋಗಬೇಕು.’

ಅದಕ್ಕೂ ಜಗ್ಗದ ನಟ್ಟಿಗೆ ಬೆಂಕಿ. ಕಾಯಿಸಬೇಕಾದ್ದು ನಟ್ಟನ್ನು, ಬೋಲ್ಟನ್ನಲ್ಲ. 20 ಮಿಲಿಮೀಟರಿನ ನಟ್ಟು ಐನೂರು ಡಿಗ್ರಿ ಕಾದರೆ ಅದರ ತೂತು ಹಿಗ್ಗುವುದು ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲಿಗಿಂತ ಕಡಿಮೆ. ಅಷ್ಟೇ ಸಾಕು. ಬಿಸಿ ಇರುವಾಗ ಮೇಣದ ಬತ್ತಿ ಒತ್ತಿದರೆ ಮೇಣ ಕರಗಿ ಸಂದಿನೊಳಗೆ ಸೇರುತ್ತದೆ. ದಾವೂದ್ ಪೈಗಂಬರರಿಗೆ ಕಬ್ಬಿಣವನ್ನು ಮೆದುವಾಗಿಸಿಕೊಟ್ಟ ಪ್ರಸ್ತಾಪ ಕುರ್‌ಆನಿನಲ್ಲಿದೆ. ಮಾಮೂ ಅದನ್ನು ನೆನೆದು, ‘ಅವರಿಗೆ ಅಲ್ಲಾಹ್ ಕೈಯನ್ನೇ ಕೊಟ್ಟ. ನಮಗೆ ಮೇಣದ ಬತ್ತಿ’ ಎಂದು ನಕ್ಕರು.

ಈ ತಾಳ್ಮೆ ಅವರಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅವರ ಅಪ್ಪ, ನನ್ನ ನಾನಾ, ಕುಣಿಗಲ್‌ನವರು. ಟಿಪ್ಪುವಿನ ಕಾಲದ್ದೆಂದು ಹೆಸರಾದ ಕುದುರೆ ಫಾರಂ ಇರುವ ಊರು. ನಾನಾ ನಾಲ್‌ಬಂದ್, ಕುದುರೆಗೆ, ಎತ್ತಿಗೆ ಲಾಳ ಕಟ್ಟುವವರು. ಹಳೆಯ ಲಾಳವನ್ನು ಕೀಳುವ ಮೊದಲು ಗೊರಸಿನ ಹೊರಗೆ ಮಡಿಚಿದ ಮೊಳೆಯ ತುದಿಯನ್ನು ನೆಟ್ಟಗೆ ಮಾಡಬೇಕು. ಹಾಗೆಯೇ ಎಳೆದರೆ ಮೊಳೆಯ ಜೊತೆ ಗೊರಸೂ ಕಿತ್ತುಬರುತ್ತದೆ. ಎತ್ತುಗಾಡಿ ಹೋಗಿ ಲಾರಿ ಬಂದಾಗ ಮಗ ತುಮಕೂರಿಗೆ ಬಂದ. ಸಾಮಾನು ಬದಲಾಯಿತು, ಕಲಿತದ್ದು ಬದಲಾಗಲಿಲ್ಲ.

ನಾಲ್ಕನೆಯ ದಿನ ಇನ್ನೊಂದು ತೊಡಕು. ನಟ್ಟು ತಿರುಗಿಸಿದರೆ ಚಾಸಿಯ ಒಳಗಿನಿಂದ ಬೋಲ್ಟೂ ಜೊತೆಗೇ ತಿರುಗತೊಡಗಿತು. ಆ ಕಡೆಯಿಂದ ತಲೆಯನ್ನು ಇನ್ನೊಂದು ಪಾನಾದಲ್ಲಿ ಒಬ್ಬರು ಹಿಡಿಯಬೇಕು. ಹುಡುಗ ಊಟಕ್ಕೆ ಹೋಗಿದ್ದ. ನಾನು ಎದ್ದೆ. ಅಷ್ಟರಲ್ಲಿ, ಅದುವರೆಗೆ ಎಳನೀರು ಕೊಚ್ಚಿಕೊಟ್ಟು ದೂರ ನಿಲ್ಲುತ್ತಿದ್ದ ಗೌಡರು ಪಂಚೆ ಎತ್ತಿ ಕಟ್ಟಿ ಲಾರಿಯ ಕೆಳಗೆ ನುಸುಳಿದರು. ಚಾಸಿಯ ಈಚೆ ಮಾಮೂ, ಆಚೆ ಗೌಡರು. ಒಬ್ಬರ ಮುಖ ಒಬ್ಬರಿಗೆ ಕಾಣುವಂತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಮಾತು ಬಂತು. ‘ಮೇಸ್ತ್ರಿ, ಆವತ್ತು ಸಮಿತಿಯಲ್ಲಿ ನಾನು ಬಾಯಿ ಬಿಡಬೇಕಿತ್ತು.’

ಮಾಮೂ ತಕ್ಷಣ ಏನೂ ಹೇಳಲಿಲ್ಲ. ಪಾನಾದ ಮೇಲಿನ ಕೈ ಮಾತ್ರ ನಿಂತಿತು. ಆಮೇಲೆ, ‘ಹುಡುಗ ಆವತ್ತು ರಾತ್ರಿ ಊಟ ಮಾಡಲಿಲ್ಲ ಗೌಡ್ರೆ’ ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ‘ಗಟ್ಟಿಯಾಗಿ ಹಿಡ್ಕೊಳ್ಳಿ, ತಿರುಗ್ತಾ ಇದೆ’ ಎಂದರು. ಕಿರ್ ಎಂದು ಸದ್ದು ಮಾಡಿ ನಟ್ಟು ಬಿಟ್ಟುಕೊಂಡಿತು.

ಎಲ್ಲವೂ ಹೀಗೆ ಬಿಟ್ಟುಕೊಂಡಿತು ಎಂದರೆ ಸುಳ್ಳಾಗುತ್ತದೆ. 24ರಲ್ಲಿ 22 ಬಂದವು, ಎರಡು ಮುರಿದವು. ಒಂದನ್ನು ಮುರಿದವನು ನಾನೇ. ಪಾನಾಗೆ ಉದ್ದದ ಪೈಪು ತೊಡಿಸಿ ಎಳೆದೆ. ಮೆತ್ತಗೆ ಬಂತು, ಸಡಿಲವಾಯಿತೆಂದು ಖುಷಿಪಟ್ಟೆ. ಮರುಕ್ಷಣ ತಲೆ ಕೈಗೆ ಬಂತು. ‘ಬಿಟ್ಟುಕೊಳ್ಳೋದೂ, ಮುರಿಯೋ ಮುಂಚೆ ಸೋಲೋದೂ ಹೊಸ ಕೈಗೆ ಒಂದೇ ಥರ ಕಾಣುತ್ತೆ’ ಎಂದರು ಮಾಮೂ. ಆ ತುಂಡು ತೆಗೆಯುವಾಗ ಬ್ರಾಕೆಟ್ಟಿನ ಕಿವಿ ಸೀಳಿತು. ಅದಕ್ಕೆ ಬದಲಿಯನ್ನು ತುಮಕೂರಿನ ಗುಜರಿಯಲ್ಲಿ ಹುಡುಕಿ ತರಬೇಕಾಯಿತು.

ಮಾಮೂನ ಮಗ ಈಗಲೂ ಆ ಜಾತ್ರೆಗೆ ಹೋಗುವುದಿಲ್ಲ. ಗೌಡರು ಮನೆಗೆ ಬಂದು ಕರೆದರು. ಅವನು ಚಹಾ ಕೊಟ್ಟ, ಬರುತ್ತೇನೆ ಎನ್ನಲಿಲ್ಲ. ಮಾಮೂ ಒತ್ತಾಯ ಮಾಡಲಿಲ್ಲ. ‘ಎಣ್ಣೆ ಹಾಕಿದ್ದೀವಿ, ಇರಲಿ’ ಎಂದರು.

ಟ್ರೇಲರಿಗೆ ಬ್ರಾಕೆಟ್ ಕೂರಿಸುವ ದಿನ ನಾನೂ ಹೋಗಿದ್ದೆ. ಮಾಮೂ ಹೊಸ ಬೋಲ್ಟುಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ಮರೆಗೂ ಬೆರಳಿನಿಂದ ಗ್ರೀಸ್ ಹಚ್ಚುತ್ತಿದ್ದರು. ಇಷ್ಟು ನಿಧಾನ ಯಾಕೆ ಎಂದು ಹುಡುಗ ಕೇಳಿದ.

‘ಮುಂದೆ ಯಾರೋ ಇದನ್ನ ಬಿಚ್ಚಬೇಕಲ್ಲಪ್ಪ’ ಎಂದರು.