ಶರಾವತಿಯ ಅಳಿವೆಯಲ್ಲಿ ಒಂದು ಯಂತ್ರಚಿಕಿತ್ಸೆ

ಜೋಗದಲ್ಲಿ ಧುಮುಕಿ ಗೇರುಸೊಪ್ಪೆಯ ಬಳಿ ಬಯಲಿಗಿಳಿದ ಶರಾವತಿಯು ಹೊನ್ನಾವರವನ್ನು ಸೇರುವಷ್ಟರಲ್ಲಿ ತನ್ನ ಆತುರವನ್ನೆಲ್ಲ ಮರೆತಿರುತ್ತಾಳೆ. ಕಾಂಡ್ಲಾವನಗಳ ನಡುವೆ, ಮಾವಿನಕುರ್ವೆಯಂತಹ ನಡುಗಡ್ಡೆಗಳನ್ನು ಬಳಸಿ, ಎರಡು ಕಿಲೋಮೀಟರಿಗೂ ಮಿಕ್ಕ ಕೊಂಕಣ ರೈಲ್ವೆಯ ಸೇತುವೆಯಡಿ ಹಾದು ಅವಳು ಕಡಲನ್ನು ಕೂಡುವ ಠೀವಿಯನ್ನು ದೋಣಿಯಲ್ಲಿ ಕುಳಿತೇ ನೋಡಬೇಕು. ಕಳೆದ ಮಾಘದಲ್ಲಿ ಮಗಳನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕರೆದುಕೊಂಡು ನಾನು ಹಾಗೆಯೇ ಹೊರಟಿದ್ದೆನು.

ದೋಣಿಯ ಯಜಮಾನನು ತರುಣನು. ಸಾಲಮಾಡಿ ಹಳೆಯದೊಂದು ವಿಹಾರದೋಣಿಯನ್ನು ಕೊಂಡಿದ್ದನು. ತಿರುವು ಬಂದಾಗಲೆಲ್ಲ ಅದರ ಹಿಂಭಾಗದಲ್ಲಿ ಬೀಸುವ ಕಲ್ಲಿನಂತೆ ಗುರುಗುರು ಸದ್ದಾಗುತ್ತಿತ್ತು. "ಹಿಂದಕ್ಕೆ ಹೋಗುವಾ, ಮಾಸ್ತರೇ" ಎಂದು ಅವನು ಎರಡು ಸಲ ಹೇಳಿದನು. ಅಳಿವೆಯನ್ನು ಹತ್ತಿರದಿಂದ ನೋಡುವ ಚಾಪಲ್ಯದಿಂದ "ಇನ್ನು ಸ್ವಲ್ಪ ದೂರ" ಎಂದವನು ನಾನೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಸೇತುವೆ ದಾಟಿದ ಮೇಲೆ ಸದ್ದು ಕರ್ಕಶವಾಯಿತು. "ಅಜ್ಜಾ, ಕಾಲಿಗೆ ನೀರು!" ಎಂದಳು ಮೊಮ್ಮಗಳು. ಆಗ ಇಳಿತದ ಸಮಯ. ಹೊಳೆಯ ಸೆಳೆತವೆಲ್ಲ ಕಡಲಿನತ್ತ, ಮುಂದೆ ಮರಳುದಿಣ್ಣೆಗಳ ಮೇಲೆ ಒಡೆಯುವ ಅಲೆಗಳು. ತರುಣನು ಯಂತ್ರವನ್ನು ನಿಲ್ಲಿಸಿ ಲಂಗರು ಹಾಕಿದನು. ಮೀನುದೋಣಿಯೊಂದು ಬಂದು ಹಗ್ಗಕಟ್ಟಿ ಎಳೆಯುವವರೆಗೂ ನಾವು ನೀರು ಮೊಗೆದು ಚೆಲ್ಲುತ್ತಿದ್ದೆವು. ಮಗಳು ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ.

"ಇಂಜಿನ್ ಹೋಯಿತು, ಬೇರೆ ಹಾಕಬೇಕು" ಎಂದು ದಡದಲ್ಲಿ ಕೂಡಿದವರು ತೀರ್ಪಿತ್ತರು. ಸಾಲಗಾರನ ಮುಖವು ಕಪ್ಪಿಟ್ಟಿತು. ನನಗೂ ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ಮುದುಕನಾದ ಮಿಸ್ತ್ರಿಯೊಬ್ಬನು ಬಂದನು. ದರ್ಶನ, ಸ್ಪರ್ಶನ, ಪ್ರಶ್ನಗಳೆಂದು ನಮ್ಮ ವೈದ್ಯರು ಹೇಳುವ ಮೂರು ಪರೀಕ್ಷೆಗಳಲ್ಲಿ ಅವನು ಕೊನೆಯದರಿಂದಲೇ ತೊಡಗಿದನು. "ಸದ್ದು ನೆಟ್ಟಗೆ ಹೋಗುವಾಗಲೋ, ತಿರುಗಿಸುವಾಗಲೋ?"

"ತಿರುಗಿಸುವಾಗ ಜಾಸ್ತಿ."

"ಹಾಗಾದರೆ ಇಂಜಿನ್ ಮುಟ್ಟಬೇಡ, ತಮಾ."

ಈ ಮಾತಿನ ಮರ್ಮವನ್ನು ವಾಚಕರಿಗೆ ವಿವರಿಸಬೇಕು. ಈ ಬಗೆಯ ದೋಣಿಯಲ್ಲಿ ಇಂಜಿನ್ ಒಡಲೊಳಗಿದ್ದು, ಚಕ್ರವನ್ನು ಹೊತ್ತ ಕಾಲು ಮಾತ್ರ ಹಿಂಬದಿಯ ಹಲಗೆಯಾಚೆ ನೀರಿಗಿಳಿದಿರುತ್ತದೆ. 1959ರಲ್ಲಿ ಸ್ವೀಡನ್ನಿನ ವೋಲ್ವೋ ಪೆಂಟಾದವರು ಇದನ್ನು ಮಾರುಕಟ್ಟೆಗೆ ತಂದು ಪ್ರಸಿದ್ಧಿಗೊಳಿಸಿದರು. ಇಂಜಿನ್ನಿನ ಶಕ್ತಿಯು ಹಲ್ಲುಚಕ್ರಗಳಿಂದ ಒಮ್ಮೆ ಕೆಳಕ್ಕೂ ಮತ್ತೊಮ್ಮೆ ಹಿಂದಕ್ಕೂ ತಿರುಗಿ ನೀರನ್ನು ತಳ್ಳುತ್ತದೆ. ಚುಕ್ಕಾಣಿ ಬೇರಿಲ್ಲ; ಆ ಕಾಲೇ ಎಡಬಲಕ್ಕೆ ಹೊರಳುತ್ತದೆ. ಆದುದರಿಂದ ಒಡಲಿಗೂ ಕಾಲಿಗೂ ನಡುವೆ ಮೊಣಕಾಲಿನಂತಹ ಕೀಲು ಬೇಕು. ಆ ಕೀಲನ್ನೂ ಅದರ ಹಿಂದಿನ ಬೇರಿಂಗನ್ನೂ ನೀರಿನಿಂದ ಕಾಯುವುದು, ಕಮ್ಮಾರನ ತಿದಿಯಂತೆ ಮಡಿಕೆಮಡಿಕೆಯಾದ ಒಂದು ರಬ್ಬರಿನ ಚೀಲವಷ್ಟೆ.

ಮಿಸ್ತ್ರಿಯು ಕಾಲನ್ನು ಪೂರ್ತಿ ಒಂದು ಪಕ್ಕಕ್ಕೆ ಹೊರಳಿಸಿ, ಆ ತಿದಿಯ ಮಡಿಕೆಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿದನು. ನಾಲ್ಕನೆಯದರಲ್ಲಿ ಬೆರಳಗಲದ ಸೀಳು! ಉಪ್ಪುನೀರು ಅಲ್ಲಿಂದ ನುಗ್ಗಿ ಬೇರಿಂಗಿಗೆ ತುಕ್ಕು ಹಿಡಿಸಿ, ಬಳಿಕ ದೋಣಿಗೂ ದಾರಿಮಾಡಿಕೊಂಡಿತ್ತು. ಆಮೇಲೆ ಅವನು ಕಾಲಿನ ಬುಡದ ತಿರುಪನ್ನು ಸಡಿಲಿಸಿ ಎಣ್ಣೆಯನ್ನು ಅಂಗೈಗೆ ಹಿಡಿದನು. ನೀರು ಸೇರಿದ್ದರೆ ಹಾಲು ಬೆರೆತ ಕಾಫಿಯಂತಿರಬೇಕು. ಹಲ್ಲು ಸವೆದಿದ್ದರೆ ಲೋಹದ ಚೂರುಗಳು ಕಾಣಬೇಕು. ಎಣ್ಣೆ ತಿಳಿಯಾಗಿತ್ತು. ಕಡೆಗೆ ಕಾಲನ್ನು ಕಳಚಿ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನನಗೂ ಕೇಳಿಸಿದನು. ಅದೇ ಬೀಸುವ ಕಲ್ಲು!

"ಈ ರಬ್ಬರನ್ನು ವರುಷಕ್ಕೊಮ್ಮೆಯಾದರೂ ಮುಟ್ಟಿ ನೋಡಬೇಕು" ಎಂದು ಅವನು ತರುಣನನ್ನು ಗದರಿಸಿದನು. ತಪ್ಪಿದ ಲೆಕ್ಕವನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯೆಂದು ಹುಡುಗರನ್ನು ಮೂವತ್ತು ವರುಷ ದಂಡಿಸಿದ ನಾನು ಪಕ್ಕದಲ್ಲಿಯೇ ನಿಂತಿದ್ದೆನು.

ತಿದಿಯೂ ಬೇರಿಂಗೂ ಬರಲು ನಾಲ್ಕು ದಿನ ಹಿಡಿಯಿತು. ಅವುಗಳ ಬೆಲೆಯಲ್ಲಿ ಅರ್ಧವನ್ನು ನಾನು ಕೊಟ್ಟೆನು. ಐದನೆಯ ದಿನ ದೋಣಿ ನೀರಿಗಿಳಿದಾಗ "ಬರುತ್ತೀರಾ, ಮಾಸ್ತರೇ?" ಎಂದನು ತರುಣನು. ಈ ಸಲ ನಾನು ಹಿಂಭಾಗದಲ್ಲಿಯೇ ಕುಳಿತೆನು. ಅವನು ಎಡಕ್ಕೆ ಹೊರಳಿಸಿದನು, ಬಲಕ್ಕೆ ಹೊರಳಿಸಿದನು. ನೀರಿನ ಸದ್ದಷ್ಟೇ ಕೇಳುತ್ತಿತ್ತು.